ಬೇಸ್ ಗಿಟಾರು, ಗಣೇಶನ ಪೆಂಡಾಲು ಮತ್ತು ಕಾಲಡಿಯ ಡಬ್ಬಿ

ಬ್ಲಾಗ್ ಕಡೆ ತಲೆ ಹಾಕಿ ಮೂರು ತಿಂಗಳ ಮೇಲಾಯ್ತು. ಬೈದುಕೊಂಡವರಿಗೂ, ಮರೆತೇ ಬಿಟ್ಟವರಿಗೂ ನಮಸ್ಕಾರ. ಆಫೀಸು, ರಿಲೀಸು, ಹೆಬ್ಬಾಳ ಫ್ಲೈಓವರು ಅಂತ ಹಳೇ ನೆಪಗಳನ್ನೇ ಹೇಳಿ ತಲೆ ತಿನ್ನುವುದಿಲ್ಲ. ಹೊಸದಾಗಿ ಬಂದವರಿಗೆ ಮಾತ್ರ ಒಂದು ಸ್ಪಷ್ಟನೆ: ನಾನಿರುವುದು ಸಿಂಗಾಪುರದಲ್ಲೇ, ಆದರೆ ವಿಮಾನ ಹತ್ತಿ ಹೋಗುವ ಸಿಂಗಾಪುರದಲ್ಲಲ್ಲ. ವಿದ್ಯಾರಣ್ಯಪುರದ ಪಕ್ಕ, ಎಂ.ಎಸ್. ಪಾಳ್ಯದ ಹತ್ತಿರ, ಬಿಎಂಟಿಸಿ ಬಸ್ಸಿನಲ್ಲಿ ತಲುಪಬಹುದಾದ ಸಿಂಗಾಪುರ. "ಹೌದಾ, ಅಲ್ಲಿ ಚೂಯಿಂಗ್ ಗಮ್ ತಿನ್ನೋ ಹಾಗಿಲ್ವಂತಲ್ಲ" ಅಂತ ಕೇಳುವವರಿಗೆ ಇಲ್ಲಿ ಸಂಜೆ ಹೊತ್ತು ಕಡ್ಲೇಪುರಿ ತಿನ್ನಬಹುದು ಅಂತ ಹೇಳಿ ಮುಂದೆ ಹೋಗುತ್ತೇನೆ :)

ಇವತ್ತು ಬರೆಯಲು ಕಾರಣ ಒಂದು ಫೋನ್ ಕರೆ. ನಾನು ಓದಿದ ಕಾಲೇಜಿನಲ್ಲೇ ಈಗ ಎಂಜಿನಿಯರಿಂಗ್ ಮಾಡುತ್ತಿರುವ ಹುಡುಗನೊಬ್ಬ ಆಗಾಗ ಫೋನ್ ಮಾಡುತ್ತಾನೆ. ಅವನೂ ನನ್ನ ಹಾಗೆ ಬೇಸ್ ಗಿಟಾರ್ ಹುಚ್ಚಿನವನು. ಮೊನ್ನೆ ಕೇಳಿದ: "ಅಣ್ಣಾ, ಫೆಸ್ಟಲ್ಲಿ ನಮ್ ಬ್ಯಾಂಡ್ ಇದೆ. ಲೈವ್ ಬಾರಿಸೋಕೆ ಕಂಪ್ರೆಸರ್ ಪೆಡಲ್ ಬೇಕೇ ಬೇಕು ಅಂತಿದಾರೆ ಎಲ್ರೂ. ತಗೊಳ್ಳಲಾ? ಅಪ್ಪನ ಹತ್ರ ಕೇಳ್ಬೇಕು."

ಆ ಕೊನೆಯ ಮಾತು ಕೇಳಿ ಸುಮ್ಮನಾದೆ. ತಕ್ಷಣ ಬೇಕು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. "ಬರೆದು ಹೇಳ್ತೀನಿ ತಡಿಯೋ" ಅಂದೆ. ಯಾಕೆಂದರೆ ಇದೇ ಪ್ರಶ್ನೆಗೆ ನಾನು ಹದಿನಾಲ್ಕು ಸಾವಿರ ರೂಪಾಯಿ ಕೊಟ್ಟು ಉತ್ತರ ಕಂಡುಕೊಂಡಿದ್ದೇನೆ. ಅದೂ ತಪ್ಪು ಉತ್ತರ.

*

ಮೊದಲು ಬೇಸ್ ಗಿಟಾರ್ ಬಗ್ಗೆ ಎರಡು ಮಾತು. ನಾಲ್ಕು ದಪ್ಪ ತಂತಿ, ಉದ್ದ ಕತ್ತು. ಬ್ಯಾಂಡಿನಲ್ಲಿ ಇದನ್ನು ನುಡಿಸುವವನು ಸಾಮಾನ್ಯವಾಗಿ ಡ್ರಮ್ಸ್ ಪಕ್ಕ ಕತ್ತಲಲ್ಲಿ ನಿಂತಿರುತ್ತಾನೆ, ಫೋಟೋದಲ್ಲಿ ಅರ್ಧ ಮುಖ ಮಾತ್ರ ಬರುತ್ತದೆ. ನನ್ನ ಧಾರವಾಡದ ರೂಮ್‌ಮೇಟ್ "ಬೇಸ್ ಐತಿ" ಅಂದಾಗಲೆಲ್ಲ ನಾನು ಗಿಟಾರಿನ ಬಗ್ಗೆ ಅಂದುಕೊಂಡು ಖುಷಿಪಡುತ್ತಿದ್ದೆ. ಅವನು ಹೇಳುತ್ತಿದ್ದದ್ದು ಮೆಸ್ಸಿನ ಚಟ್ನಿ ಬಗ್ಗೆ.

ನಾನು ಈ ವಾದ್ಯಕ್ಕೆ ಬಿದ್ದದ್ದು ಸ್ವರಾತ್ಮದ ಜಿಷ್ಣು ದಾಸ್‌ಗುಪ್ತ ಮತ್ತು ಆಗ ರಘು ದೀಕ್ಷಿತ್ ಪ್ರಾಜೆಕ್ಟ್‌ನಲ್ಲಿದ್ದ ಗೌರವ್ ವಾಝ್ ಇವರಿಬ್ಬರನ್ನು ನೋಡಿ. ನಮ್ಮ ದೊಡ್ಡಪ್ಪನ ಮಗ 2007ರ ಮಾರ್ಚಿನಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನೋಡಿ ಬಂದು, ಸ್ಟೀವ್ ಹ್ಯಾರಿಸ್ ಬೆರಳು ಕುದುರೆ ಓಡಿದ ಹಾಗೆ ಓಡುತ್ತೆ ಅಂತ ವರ್ಷಗಟ್ಟಲೆ ಹೇಳಿದ್ದೂ ಒಂದು ಕಾರಣ. ನಾನಾಗ ಪ್ರೈಮರಿ ಶಾಲೆ, ಕುದುರೆಗೂ ಗಿಟಾರಿಗೂ ಏನು ಸಂಬಂಧ ಅಂತ ತಲೆ ಕೆರೆದುಕೊಂಡಿದ್ದೆ.

ಇರಲಿ. ಈಗ ಕಂಪ್ರೆಸರ್ ಅಂದರೆ ಏನು?

ನಿಮ್ಮ ಮನೆಯಲ್ಲಿ ಅಪ್ಪ ಟಿವಿ ನೋಡುವುದನ್ನು ನೆನಪಿಸಿಕೊಳ್ಳಿ. ಧಾರಾವಾಹಿಯಲ್ಲಿ ಪಿಸುಮಾತು, ಅಪ್ಪ ವಾಲ್ಯೂಮ್ ಏರಿಸುತ್ತಾರೆ. ಜಾಹೀರಾತು ಬಂದು ಕಿರುಚಿಕೊಳ್ಳುತ್ತದೆ, ತಕ್ಷಣ ಇಳಿಸುತ್ತಾರೆ. ಕಂಪ್ರೆಸರ್ ಅಂದರೆ ಇಷ್ಟೇ, ರಿಮೋಟ್ ಹಿಡಿದ ಅಪ್ಪ. ಎಷ್ಟು ಸದ್ದಾದರೆ ಅವರಿಗೆ ಕಿರಿಕಿರಿ ಶುರುವಾಗುತ್ತದೋ ಅದು ತ್ರೆಶೋಲ್ಡ್. ಎಷ್ಟು ಇಳಿಸುತ್ತಾರೋ ಅದು ರೇಶಿಯೋ. ರಿಮೋಟಿಗೆ ಕೈ ಹೋಗಲು ಎಷ್ಟು ಹೊತ್ತು ಬೇಕೋ ಅದು ಅಟ್ಯಾಕ್. ಜಾಹೀರಾತು ಮುಗಿದ ಮೇಲೆ ಮತ್ತೆ ಏರಿಸಲು ಎಷ್ಟು ಹೊತ್ತೋ ಅದು ರಿಲೀಸ್.

ಲೆಕ್ಕದಲ್ಲಿ ಹೇಳುವುದಾದರೆ, ರೇಶಿಯೋ 4:1 ಇಟ್ಟಿದ್ದೀರಿ ಅನ್ನಿ. ನೀವು ಜೋರಾಗಿ ಎಳೆದ ಸ್ವರ ತ್ರೆಶೋಲ್ಡಿಗಿಂತ 8 ಡೆಸಿಬಲ್ ಮೇಲೆ ಹೋಯಿತು. ಡಬ್ಬಿ ಅದನ್ನು 2 ಡೆಸಿಬಲ್ ಮೇಲೆ ಮಾತ್ರ ಬಿಡುತ್ತದೆ, ಉಳಿದ 6 ನುಂಗುತ್ತದೆ. ಜೋರು ಕಡಿಮೆಯಾಯಿತಲ್ಲ, ಅದಕ್ಕೆ ಕೊನೆಯಲ್ಲಿ ಒಟ್ಟು ಸದ್ದನ್ನು ಒಂದಿಷ್ಟು ಏರಿಸುತ್ತಾರೆ. ಇದು ಮೇಕಪ್ ಗೇನ್. ಈ ಮೇಕಪ್ಪನ್ನು ನೆನಪಿಟ್ಟುಕೊಳ್ಳಿ, ಕಥೆಯಲ್ಲಿ ಖಳನಾಯಕ ಇವನೇ.

ಇದು ಹುಟ್ಟಿದ್ದು ವೇದಿಕೆಗಲ್ಲ. 1930ರ ದಶಕದಲ್ಲಿ ರೇಡಿಯೋ ಪ್ರಸಾರದವರಿಗೆ, ಯಾರಾದರೂ ಮೈಕಿನ ಮುಂದೆ ಕೂಗಿದರೆ ಟ್ರಾನ್ಸ್‌ಮಿಟರ್ ಹದ ತಪ್ಪಬಾರದು ಅಂತ ಇಂಥ ಉಪಕರಣ ಬೇಕಾಯಿತು. ಆಮೇಲೆ ಸ್ಟುಡಿಯೋಗೆ ಬಂತು. 1960ರ ದಶಕದ ಎಲ್ಎ-2ಎ ಮತ್ತು 1176 ಅನ್ನುವ ಎರಡು ಪೆಟ್ಟಿಗೆಗಳನ್ನು ಸ್ಟುಡಿಯೋದವರು ಇವತ್ತಿಗೂ ದೇವರ ಕೋಣೆಯಲ್ಲಿಟ್ಟ ಹಾಗೆ ನೋಡಿಕೊಳ್ಳುತ್ತಾರೆ. ಕಾಲಲ್ಲಿ ಒತ್ತುವ ಪೆಡಲ್ ಆಗಿ ಮನೆಮಾತಾದದ್ದು 1970ರ ದಶಕದ ಎಂಎಕ್ಸ್‌ಆರ್ ಡೈನಾ ಕಾಂಪ್, ಆಮೇಲೆ 1986ರ ಬಾಸ್ ಕಂಪನಿಯ ಸಿಎಸ್-3 ಇಂಥವುಗಳಿಂದ. ಅಂದರೆ 1960ರ ದಶಕದಲ್ಲಿ ಮೋಟೌನ್ ಹಾಡುಗಳಿಗೆ ಬಲಗೈಯ ಒಂದೇ ಬೆರಳಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್‌ ಕಾಲಡಿಯಲ್ಲಿ ಇಂಥ ಡಬ್ಬಿ ಇರಲಿಲ್ಲ. ಜಗತ್ತಿನ ಅರ್ಧ ಬೇಸ್ ವಾದಕರು ಇವತ್ತಿಗೂ ಆ ಬೆರಳಿಗೆ ಕೈ ಮುಗಿಯುತ್ತಾರೆ.

*

ಡಬ್ಬಿ ಬೇಕು ಅನ್ನುವವರ ವಾದವನ್ನೂ ನ್ಯಾಯವಾಗಿ ಹೇಳಬೇಕು. ಅದು ಸುಳ್ಳು ವಾದವೇನಲ್ಲ.

1933ರಲ್ಲಿ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಅನ್ನುವವರು ಮನುಷ್ಯನ ಕಿವಿ ಬೇರೆ ಬೇರೆ ಸ್ವರಗಳನ್ನು ಎಷ್ಟು ಜೋರಾಗಿ ಕೇಳಿಸಿಕೊಳ್ಳುತ್ತದೆ ಅಂತ ಅಳೆದರು. ಕೆಳಗಿನ ಸ್ವರಗಳಿಗೆ ನಮ್ಮ ಕಿವಿ ಮಂದ. ಆದರೆ ಒಮ್ಮೆ ಕೇಳಿಸಲು ಶುರುವಾದ ಮೇಲೆ ಅಲ್ಲಿ ಸ್ವಲ್ಪ ಏರಿದರೂ ಬಹಳ ಏರಿದ ಹಾಗೆ ಅನ್ನಿಸುತ್ತದೆ. ಮನುಷ್ಯರ ಮಾತಿನ ಆಸುಪಾಸಿನ ಸ್ವರದಲ್ಲಿ ಸದ್ದು ಎರಡರಷ್ಟಾಯಿತು ಅನ್ನಿಸಲು ಸುಮಾರು 10 ಡೆಸಿಬಲ್ ಬೇಕು. ಬೇಸ್ ಗಿಟಾರಿನ ದಪ್ಪ ತಂತಿಯ ಹತ್ತಿರ ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಅಂದರೆ ಬೇಸಿನವನ ಬೆರಳು ಕೊಂಚ ಹೆಚ್ಚು ಕಮ್ಮಿಯಾದರೂ ಒಂದು ಸ್ವರ ಗುಡುಗುತ್ತದೆ, ಪಕ್ಕದ್ದು ಮಾಯವಾಗುತ್ತದೆ. ರೆಕಾರ್ಡಿಂಗಿನಲ್ಲಿ ಬೇಸಿಗೆ ಕಂಪ್ರೆಶನ್ ಹಾಕುವುದು ಅಡುಗೆಗೆ ಉಪ್ಪು ಹಾಕಿದಷ್ಟೇ ಮಾಮೂಲು ಯಾಕೆ ಅನ್ನುವುದಕ್ಕೆ ಇದೂ ಒಂದು ಕಾರಣ. ಆಟೋದ ಸ್ಪೀಕರಿನಲ್ಲೂ ಆ ಹಾಡು ನಿಲ್ಲಬೇಕಲ್ಲ.

ಈ ವಾದವನ್ನೆಲ್ಲ ಓದಿಯೇ ನಾನೂ ಕೊಂಡದ್ದು. ನಮ್ಮ ಮನೆ ಮಹಡಿ ಮೇಲಿನ ರೂಮಿನಲ್ಲಿ ಅಭ್ಯಾಸ ಮಾಡುವಾಗ ಒಂದೆರಡು ಸ್ವರ ಗುಂಯ್ ಅಂತ ಕಿಟಕಿ ನಡುಗಿಸುತ್ತಿತ್ತು. ಪಕ್ಕದ ಸ್ವರ ಸತ್ತೇ ಹೋಗುತ್ತಿತ್ತು. ನನ್ನ ಕೈ ಸರಿ ಇಲ್ಲ ಅಂದುಕೊಂಡೆ. ಅಂಗಡಿಗೆ ಹೋಗಿ ಡಬ್ಬಿ ಒತ್ತಿ ನೋಡಿದೆ. ಆಹಾ! ಒಂದೇ ಸಮ, ದುಂಡುದುಂಡಗೆ, ಕ್ಯಾಸೆಟ್ಟಿನಲ್ಲಿ ಬಂದ ಹಾಗೆ. ಹದಿನಾಲ್ಕು ಸಾವಿರ ಕೊಟ್ಟು ಮನೆಗೆ ತಂದೆ. ಅಮ್ಮ ತಿರುಗಿಸಿ ಮುರುಗಿಸಿ ನೋಡಿ, "ಹದಿನಾಲ್ಕು ಸಾವಿರಕ್ಕೆ ವೆಟ್ ಗ್ರೈಂಡರ್ರೇ ಬರ್ತಿತ್ತಲ್ಲೋ. ಅದಾದ್ರೂ ಹಿಟ್ಟು ರುಬ್ಬುತ್ತೆ" ಅಂದರು.

ನಮ್ಮ ಹವ್ಯಾಸಿ ತಂಡದಲ್ಲಿ ಒಂದು ರಾತ್ರಿಗೆ ನನ್ನ ಪಾಲಿಗೆ ಬರುವುದು ಒಂದೂವರೆ ಸಾವಿರ, ಅದೂ ಬಂದರೆ. ಒಂಬತ್ತು-ಹತ್ತು ರಾತ್ರಿಯ ದುಡ್ಡು ಆ ಡಬ್ಬಿ. ನನಗೆ ಸಂಬಳ ಇದೆ, ನಡೆಯುತ್ತದೆ. ಇದನ್ನೇ ನಂಬಿ ಬದುಕುವವರಿಗೆ ಇದು ಒಂದು ತಿಂಗಳ ಮನೆ ಬಾಡಿಗೆ.

*

ಈಗ ಕಥೆಗೆ ಬರೋಣ. ಕಳೆದ ವರ್ಷದ ಗಣೇಶನ ಹಬ್ಬ. ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಪೆಂಡಾಲು, ಹಲಗೆ ಜೋಡಿಸಿ ಮಾಡಿದ ವೇದಿಕೆ, ಮೇಲೆ ತಗಡು, ಸುತ್ತ ಸೀರಿಯಲ್ ಲೈಟು, ಹಿಂದೆ ಜನರೇಟರು. ನಮ್ಮದು "ರಸಮಂಜರಿ ಕಾರ್ಯಕ್ರಮ". ಆರ್ಕೆಸ್ಟ್ರಾ ಅಂದರೆ ಏನೆಲ್ಲ ಇರಬೇಕೋ ಅದೆಲ್ಲ: 'ಗೀತಾ' ಚಿತ್ರದ ಇಳಯರಾಜ ಹಾಡು, ಹಂಸಲೇಖರ 'ಪ್ರೇಮಲೋಕ', 'ಮುಂಗಾರು ಮಳೆ', ನಡುವೆ ಎರಡು ಭಾವಗೀತೆ, ಕೊನೆಗೆ ಹುಡುಗರು ಕುಣಿಯಲು ಎರಡು ಡಪ್ಪಾಂಗುತ್ತು. ಹತ್ತು ಗಂಟೆಗೆ ಪೊಲೀಸರು ಬರುವ ಮುಂಚೆ ಮುಗಿಸಬೇಕು.

ನನ್ನ ಕಾಲಡಿಯಲ್ಲಿ ಹೊಸ ಡಬ್ಬಿ, ಹಸಿರು ದೀಪ. ನಾನೇ ಗಣೇಶ.

ಮೊದಲ ಹಾಡು ಚೆನ್ನಾಗಿ ಹೋಯಿತು ಅನ್ನಿಸಿತು. ಎರಡನೆಯದು ಭಾವಗೀತೆ. ಆರಂಭದಲ್ಲಿ ಗಾಯಕಿಯ ದನಿ, ಒಂದು ಕೊಳಲು, ಅಷ್ಟೇ. ನನಗೆ ಕೆಲಸವಿಲ್ಲ, ಕೈ ಕಟ್ಟಿ ನಿಂತಿದ್ದೆ. ಆ ಮೌನದಲ್ಲಿ ಸ್ಪೀಕರಿನಿಂದ "ಗುಂಯ್..." ಅಂತ ಒಂದು ಸದ್ದು ನಿಧಾನವಾಗಿ ಏಳತೊಡಗಿತು. ಜನರೇಟರ್ ಸದ್ದು ಅಂದುಕೊಂಡೆ. ಮಿಕ್ಸರ್ ಹತ್ತಿರ ಕೂತಿದ್ದ ಮೈಕ್‌ಸೆಟ್ ಅಣ್ಣ ನನ್ನ ಕಡೆ ನೋಡಿ ಹೆಬ್ಬೆರಳು ಅಲ್ಲಾಡಿಸಿದರು. ಭೇಷ್ ಅನ್ನುತ್ತಿದ್ದಾರೆ ಅಂತ ನಾನೂ ಹೆಬ್ಬೆರಳು ಎತ್ತಿದೆ. ಮುಂದಿನ ಒಂಬತ್ತು ಹಾಡು ಮೈಮರೆತು ನುಡಿಸಿದೆ.

ಮಾರನೇ ದಿನ ತಮ್ಮ ಮೊಬೈಲಿನಲ್ಲಿ ಮಾಡಿದ್ದ ವಿಡಿಯೋ ನೋಡಿದೆ. ಬೇಸ್ ಕೇಳಿಸಲಿಲ್ಲ. ಮೊಬೈಲ್ ಮೈಕಿಗೆ ಅಷ್ಟು ಕೆಳಗಿನ ಸ್ವರ ಸಿಗಲ್ಲ ಬಿಡು ಅಂದುಕೊಂಡೆ. ಸಂಜೆ ಮರೆತು ಬಂದಿದ್ದ ಕೇಬಲ್ ತರಲು ಹೋದಾಗ ಮೈಕ್‌ಸೆಟ್ ಅಣ್ಣ ಬಾಕ್ಸುಗಳನ್ನು ಟೆಂಪೋಗೆ ಏರಿಸುತ್ತಿದ್ದರು. ಹೇಗಿತ್ತಣ್ಣಾ ಅಂತ ಕೇಳಿದೆ.

"ಮೂರನೇ ಹಾಡಿಂದ ನೀವು ಇರ್ಲೇ ಇಲ್ಲ ಸಾರ್."

"ಏನಣ್ಣಾ ಹಂಗಂದ್ರೆ?"

"ನಿಮ್ ಲೈನ್ ಕೆಳಗಿಳಿಸ್ಬಿಟ್ಟೆ. ನಿಮ್ ಮುಂದಿನ ಮಾನಿಟರಲ್ಲಿ ಮಾತ್ರ ಬಿಟ್ಟಿದ್ದೆ, ಬೇಜಾರಾಗ್ಬಾರ್ದು ಅಂತ. ಹಾಡಿಲ್ದಾಗೆಲ್ಲ ಹಮ್ಮಿಂಗ್ ಮೇಲೇಳ್ತಿತ್ತು. ಆ ಡಬ್ಬಿ ತೆಗೀರಿ ಅಂತ ಸನ್ನೆ ಮಾಡಿದ್ರೆ ನೀವು ಥಂಬ್ಸಪ್ ತೋರ್ಸಿದ್ರಿ."

ನಗು ಬಂತು, ಹೊಟ್ಟೆಯೂ ಉರಿಯಿತು. ಆಮೇಲೆ ಅವರು ಅಂದದ್ದು ಮಾತ್ರ ಇನ್ನೂ ಒಳಗೇ ಇದೆ. "ಇನ್ನೊಂದ್ ಮಾತು ಸಾರ್, ತಪ್ ತಿಳ್ಕೋಬೇಡಿ. ಹಮ್ಮಿಂಗ್ ಬಿಡಿ, ನಿಮ್ ಬೇಸು ಒಂದೇ ಸಮ ಇತ್ತು, ಟ್ರ್ಯಾಕ್ ತರ. ಹಂಗಾದ್ರೆ ಟ್ರ್ಯಾಕೇ ಹಾಕ್ಬೋದಲ್ಲ?"

ನನ್ನ ಬೇಸ್ ನಿಂತದ್ದನ್ನು ನೂರಾರು ಜನರಲ್ಲಿ ಒಬ್ಬರೂ ಗಮನಿಸಿರಲಿಲ್ಲ. ನಮ್ಮ ತಂಡದವರೂ.

*

ಎಂಜಿನಿಯರ್ ಅಲ್ಲವೇ, ಮನೆಗೆ ಬಂದು ಡೀಬಗ್ ಮಾಡಲು ಕೂತೆ. ಮೂರು ಬಗ್ ಸಿಕ್ಕವು.

ಮೊದಲನೆಯದು ಹಮ್ಮಿಂಗ್. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಬೇಸ್ ಗಿಟಾರಿನ ದಪ್ಪ ತಂತಿಯ ಮೂರನೇ ಫ್ರೆಟ್ಟಿನ ಸ್ವರ 49 ಹರ್ಟ್ಸ್. ಅಂದರೆ ಅರ್ಥಿಂಗ್ ಸರಿ ಇಲ್ಲದ ಪೆಂಡಾಲಿನಲ್ಲಿ ಕರೆಂಟೇ ನಮ್ಮ ಜೊತೆ, ಸ್ವಲ್ಪ ಶ್ರುತಿ ತಪ್ಪಿ, ಬೇಸ್ ನುಡಿಸುತ್ತಿರುತ್ತದೆ! ಮಾಮೂಲಾಗಿ ಅದು ಸಣ್ಣಗಿರುತ್ತದೆ. ಡಬ್ಬಿ ಹಾಕಿದಾಗ ಏನಾಗುತ್ತದೆ? ನಾನು ಜೋರಾಗಿ ನುಡಿಸುವಾಗ ಎಲ್ಲವನ್ನೂ ಅದುಮುತ್ತದೆ, ಹಮ್ಮಿಂಗನ್ನೂ. ನಾನು ನಿಲ್ಲಿಸಿದ ಕೂಡಲೇ ಅದುಮಿದ ಕೈ ತೆಗೆಯುತ್ತದೆ. ಮೇಕಪ್ ಗೇನ್ 8 ಡೆಸಿಬಲ್ ಇಟ್ಟಿದ್ದೆನಲ್ಲ, ಹಮ್ಮಿಂಗ್ ಆ ಎಂಟನ್ನೂ ಹೊತ್ತುಕೊಂಡು ಮೇಲೇಳುತ್ತದೆ. ಅದೂ ಹಾಡಿಗೆ ಮೌನ ಬೇಕಾದ ಜಾಗದಲ್ಲೇ.

ಎರಡನೆಯದು ನನ್ನ ರೂಮು. ಗಿಟಾರನ್ನು ನೇರ ಲ್ಯಾಪ್‌ಟಾಪಿಗೆ ಸಿಕ್ಕಿಸಿ ರೆಕಾರ್ಡ್ ಮಾಡಿ ಅಲೆಗಳನ್ನು ನೋಡಿದೆ. ನನ್ನ ಸ್ವರಗಳ ನಡುವೆ ಎರಡು-ಮೂರು ಡೆಸಿಬಲ್ ವ್ಯತ್ಯಾಸ ಅಷ್ಟೇ. ಹಾಗಾದರೆ ಗುಂಯ್ ಅನ್ನುತ್ತಿದ್ದದ್ದು ಯಾರು? ಗೋಡೆ! ದಪ್ಪ ತಂತಿಯ ಕೆಳಗಿನ ಸ್ವರ 41 ಹರ್ಟ್ಸ್, ಅದರ ಒಂದು ಅಲೆಯ ಉದ್ದ ಎಂಟು ಮೀಟರಿಗಿಂತ ಕೊಂಚ ಹೆಚ್ಚು, ಸುಮಾರು 27 ಅಡಿ. ಬೆಂಗಳೂರಿನ ಥರ್ಟಿ-ಫಾರ್ಟಿ ಸೈಟಿನ ಅಗಲಕ್ಕೆ ಹತ್ತಿರ ಹತ್ತಿರ. ಇಂಥ ಅಲೆ ಹತ್ತಡಿ ರೂಮಿನಲ್ಲಿ ಗೋಡೆಯಿಂದ ಗೋಡೆಗೆ ಬಡಿದು ಒಂದು ಮೂಲೆಯಲ್ಲಿ ಗುಡ್ಡೆ ಬೀಳುತ್ತದೆ, ಇನ್ನೊಂದು ಕಡೆ ಅಳಿಸಿಹೋಗುತ್ತದೆ. ಕಂಪ್ರೆಸರಿಗೆ ಕಾಣುವುದು ತಂತಿಯಿಂದ ಬಂದ ಸಿಗ್ನಲ್ ಮಾತ್ರ, ಗೋಡೆ ಕಾಣುವುದಿಲ್ಲ. ಗೋಡೆಯ ತಪ್ಪಿಗೆ ನಾನು ಗಿಟಾರಿಗೆ ಔಷಧಿ ಕುಡಿಸಿದ್ದೆ.

ಮೂರನೆಯದು ಅಂಗಡಿಯಲ್ಲಿ ಮೋಸ ಹೋದದ್ದು. ಅಂಗಡಿಯವರದ್ದೇನೂ ತಪ್ಪಿಲ್ಲ, ನನ್ನ ಕಿವಿಯದ್ದೇ. ಡಬ್ಬಿ ಆನ್ ಆದಾಗ ಮೇಕಪ್ ಗೇನಿನಿಂದ ಸದ್ದೂ ಸ್ವಲ್ಪ ಹೆಚ್ಚಾಗುತ್ತಿತ್ತು. ಜೋರಾದದ್ದು ಕಿವಿಗೆ ಚೆನ್ನಾಗಿಯೇ ಕೇಳುತ್ತದೆ. ಆನ್ ಮತ್ತು ಆಫ್ ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತಂದು ಮನೆಯಲ್ಲಿ ಕೇಳಿದಾಗ, ಮೊದಲಿನ "ಆಹಾ" ಅರ್ಧಕ್ಕರ್ಧ ಇಳಿಯಿತು.

ಪ್ರೋಗ್ರಾಮಿಂಗ್ ಗೊತ್ತಿರುವವರಿಗೆ ಒಂದೇ ಸಾಲಿನಲ್ಲಿ ಹೇಳುತ್ತೇನೆ: ನನ್ನ ಕಂಪ್ರೆಸರ್ ಒಂದು ಖಾಲಿ ಕ್ಯಾಚ್ ಬ್ಲಾಕ್ ಆಗಿತ್ತು. ಗೊತ್ತಿಲ್ಲದವರಿಗೆ: ತಪ್ಪು ನಡೆದಾಗ ಅದನ್ನು ಸರಿ ಮಾಡದೆ ಚಾಪೆ ಕೆಳಗೆ ಗುಡಿಸುವ ಸೋಮಾರಿ ಕೋಡ್ ಅದು. ಎಲ್ಲ ಸರಿಯಿದೆ ಅನ್ನಿಸುತ್ತದೆ, ಯಾವುದೂ ಸರಿಯಿರುವುದಿಲ್ಲ.

*

ಆದರೆ ಈ ಮೂರೂ ತಾಂತ್ರಿಕ ವಿಷಯ. ಒಳ್ಳೆ ಕೇಬಲ್ಲು, ಡಿಐ ಬಾಕ್ಸು, ಸರಿಯಾದ ಅರ್ಥಿಂಗ್ ಇದ್ದರೆ ಹಮ್ಮಿಂಗ್ ಹೋಗುತ್ತದೆ. ಹಾಗಾದರೆ ಡಬ್ಬಿ ಬೇಕು ಅನ್ನಬಹುದೇ? ನನ್ನ ತಕರಾರು ಇರುವುದು ಅಲ್ಲಲ್ಲ, ಮೈಕ್‌ಸೆಟ್ ಅಣ್ಣನ ಎರಡನೇ ಮಾತಿನಲ್ಲಿ.

ರಸಮಂಜರಿ ತಂಡಗಳ ಜೊತೆ ಓಡಾಡಿದವರಿಗೆ ಗೊತ್ತಿರುತ್ತದೆ. ಹಿಂದೆ ವೇದಿಕೆ ಮೇಲೆ ಕೀಬೋರ್ಡು, ಪ್ಯಾಡು, ತಬಲ, ಢೋಲಕ್, ಲೀಡ್ ಗಿಟಾರ್, ಬೇಸ್ ಗಿಟಾರ್ ಅಂತ ಎಂಟು-ಹತ್ತು ಜನ ಇರುತ್ತಿದ್ದರು. ಈಗ ಬಹಳ ಕಡೆ ಇಬ್ಬರು ಗಾಯಕರು, ಒಂದು ಲ್ಯಾಪ್‌ಟಾಪು, ಮೈನಸ್ ಒನ್ ಟ್ರ್ಯಾಕು. ಸಂಘಟಕರನ್ನು ಬೈದು ಉಪಯೋಗವಿಲ್ಲ, ಅವರ ಚಂದಾ ಪುಸ್ತಕವೂ ಅಷ್ಟಕ್ಕಷ್ಟೇ. ಹೀಗೆ ಜಾಗ ಖಾಲಿ ಮಾಡುವವರಲ್ಲಿ ಬೇಸಿನವನು ಮೊದಲಿಗ, ಯಾಕೆಂದರೆ ಅವನ ಕೆಲಸವನ್ನು ಕೀಬೋರ್ಡಿನವರ ಎಡಗೈ ಮಾಡಿಬಿಡುತ್ತದೆ. ನಮ್ಮ ತಂಡದ ಹಿರಿಯರೊಬ್ಬರು ಮೂವತ್ತು ವರ್ಷ ಬೇಸ್ ನುಡಿಸಿದವರು. ಈಗ ಹಗಲು ಹೊತ್ತು ಕೊರಿಯರ್ ಆಫೀಸಿನಲ್ಲಿ ಕೂರುತ್ತಾರೆ.

ಹೀಗಿರುವಾಗ ಟ್ರ್ಯಾಕಿಗೆ ಸಾಧ್ಯವಿಲ್ಲದ್ದು ಮನುಷ್ಯನಿಗೆ ಏನು ಸಾಧ್ಯ? ಒಂದೇ ಒಂದು: ಕೇಳಿಸಿಕೊಳ್ಳುವುದು. ಗಾಯಕಿ ಇವತ್ತು ಗಂಟಲು ಕಟ್ಟಿ ಮೆಲ್ಲಗೆ ಹಾಡಿದರೆ ಟ್ರ್ಯಾಕ್ ಮೆಲ್ಲಗಾಗುವುದಿಲ್ಲ, ನಾನು ಆಗಬಲ್ಲೆ. ಚರಣದ ಕೊನೆ ಸಾಲನ್ನು ಆಕೆ ಎತ್ತಿಕೊಂಡರೆ ಟ್ರ್ಯಾಕಿಗೆ ಗೊತ್ತಾಗುವುದಿಲ್ಲ, ನನ್ನ ಬೆರಳಿಗೆ ಗೊತ್ತಾಗುತ್ತದೆ. ಸಿ. ಅಶ್ವಥ್ ಅವರ ಗಾಯನ ಕೇಳಿದವರು ನೆನಪಿಸಿಕೊಳ್ಳಿ. ಪಿಸುಮಾತಿನಿಂದ ಗುಡುಗಿನ ತನಕ ಒಂದೇ ಹಾಡಿನಲ್ಲಿ. ಅವರ ಹಿಂದೆ ಕೂತು ನುಡಿಸುವವರು ಒಂದೇ ಸಮ ನುಡಿಸಿದ್ದರೆ ಆ ಹಾಡು ಏನಾಗುತ್ತಿತ್ತು? ಮೃದಂಗದವರು ಎಡಗೈಯಲ್ಲಿ ತೊಪ್ಪಿಯ ನಾದವನ್ನು ತೇಲಿಸುತ್ತಾರೆ, ಮುಳುಗಿಸುತ್ತಾರೆ. ಅವರಿಗೆ ಯಾರಾದರೂ "ಸಾರ್, ಎಲ್ಲ ಪೆಟ್ಟೂ ಒಂದೇ ಮಟ್ಟಕ್ಕೆ ಬರೋ ಡಬ್ಬಿ ಇದೆ, ತಗೊಳ್ಳಿ" ಅಂದರೆ ಏನೆನ್ನುತ್ತಾರೆ ಅಂತ ಊಹಿಸಿಕೊಳ್ಳಿ.

ನಾನು ಹದಿನಾಲ್ಕು ಸಾವಿರ ಕೊಟ್ಟು ಕೊಂಡದ್ದು ನನ್ನನ್ನು ಟ್ರ್ಯಾಕ್ ಮಾಡುವ ಡಬ್ಬಿ. ಇನ್ನೊಂದು ಸ್ವಲ್ಪ ತಿರುಗಿಸಿದ್ದರೆ ಪೂರ್ತಿ ಟ್ರ್ಯಾಕೇ ಆಗಿಬಿಡುತ್ತಿದ್ದೆ.

ಇನ್ನೂ ಒಂದು ವ್ಯಾವಹಾರಿಕ ಮಾತಿದೆ. ಕಂಪ್ರೆಶನ್ ಬೇಕಾದರೆ ಅದನ್ನು ಹಾಕಬೇಕಾದವರು ಜನರ ನಡುವೆ ಕೂತು ಕೇಳುತ್ತಿರುವವರು, ವೇದಿಕೆ ಮೇಲೆ ನಿಂತವರಲ್ಲ. 2012ರಲ್ಲಿ ಬಂದ ಬೆಹ್ರಿಂಜರ್ ಎಕ್ಸ್32 ಥರದ ಡಿಜಿಟಲ್ ಮಿಕ್ಸರುಗಳಲ್ಲಿ ಒಂದೊಂದು ಚಾನೆಲ್ಲಿಗೂ ಒಂದೊಂದು ಕಂಪ್ರೆಸರ್ ಒಳಗೇ ಇರುತ್ತದೆ. ಬಾಡಿಗೆಗೆ ಇಂಥ ಮಿಕ್ಸರ್ ಈಗ ಬೆಂಗಳೂರಿನಲ್ಲಿ ಅಪರೂಪವಲ್ಲ. ನೀವು ಏರಿಳಿತ ಇಟ್ಟು ಕಳಿಸಿದರೆ ಅವರು ಬೇಕಾದಷ್ಟು ಹಿಂಡಬಹುದು. ನೀವೇ ಹಿಂಡಿ ಕಳಿಸಿದರೆ? ಹಿಂಡಿದ ನಿಂಬೆಹಣ್ಣಿಗೆ ರಸ ಮತ್ತೆ ತುಂಬಿಸಲು ಯಾರಿಂದಲೂ ಆಗುವುದಿಲ್ಲ.

*

ಹಾಗಂತ ಡಬ್ಬಿಯನ್ನು ಕೆರೆಗೆ ಎಸೆಯಿರಿ ಅನ್ನುವುದಿಲ್ಲ. ನನ್ನ ಲೆಕ್ಕದಲ್ಲಿ ಮೂರು ಸಂದರ್ಭದಲ್ಲಿ ಅದು ಬೇಕು.

ಒಂದು, ಹೆಬ್ಬೆರಳಿನಿಂದ ತಂತಿಗೆ ಬಡಿದು, ಬೆರಳಲ್ಲಿ ಎಳೆದು ನುಡಿಸುವ ಸ್ಲ್ಯಾಪ್ ಶೈಲಿ ನಿಮ್ಮದಾದರೆ. ಆ ಪೆಟ್ಟು ಎಷ್ಟು ಹಾರುತ್ತದೆ ಅಂದರೆ ಸ್ಪೀಕರ್ ಕಾಪಾಡಲಾದರೂ ಒಂದು ಕಡಿವಾಣ ಬೇಕು. ಎರಡು, ಮೃದು ಹಾಡಿನಿಂದ ಫಜ್, ಫಿಲ್ಟರ್ ಅಂತ ಬೇರೆ ಬೇರೆ ಪೆಡಲ್ಲಿಗೆ ಹಾರುತ್ತಿದ್ದು, ಒಂದೊಂದರ ಸದ್ದೂ ಒಂದೊಂದು ಮಟ್ಟದಲ್ಲಿದ್ದರೆ. ಮೂರು, ಅದುಮಿದ ಆ ದುಂಡು ನಾದವೇ ನಿಮಗೆ ಬೇಕಾದ ಬಣ್ಣವಾದರೆ. ಆಗ ಅದು ಔಷಧಿಯಲ್ಲ, ಮಸಾಲೆ. ಗೊತ್ತಿದ್ದು ಹಾಕಿದರೆ ತಕರಾರಿಲ್ಲ.

ಹಾಕುವುದಾದರೆ ಹೀಗೆ ಹಾಕಿ. ರೇಶಿಯೋ 3:1 ಅಥವಾ 4:1 ಸಾಕು. ಸಾಮಾನ್ಯವಾಗಿ ನುಡಿಸುವಾಗ ಡಬ್ಬಿ ಸುಮ್ಮನಿರಬೇಕು, ಜೋರಾಗಿ ಎಳೆದಾಗ ಮಾತ್ರ 3ರಿಂದ 6 ಡೆಸಿಬಲ್ ಇಳಿಸಬೇಕು. ರಿಲೀಸ್ ತೀರಾ ಚುರುಕು ಬೇಡ. 41 ಹರ್ಟ್ಸ್ ಸ್ವರದ ಒಂದು ಸುತ್ತಿಗೇ 24 ಮಿಲಿಸೆಕೆಂಡ್ ಬೇಕು, ಅಷ್ಟರೊಳಗೆ ಡಬ್ಬಿ ಏರಿಳಿದರೆ ಅದು ಸದ್ದಿನ ಬದಲು ಅಲೆಯನ್ನೇ ತಿದ್ದಲು ಹೋಗುತ್ತದೆ, ಸ್ವರ ಒಡೆಯುತ್ತದೆ. ನೂರು ಮಿಲಿಸೆಕೆಂಡಿನ ಮೇಲೆ ಇಡಿ. ಬಹಳಷ್ಟು ಅಗ್ಗದ ಡಬ್ಬಿಗಳಲ್ಲಿ ಇಷ್ಟು ಗುಂಡಿಗಳೇ ಇರುವುದಿಲ್ಲ, ಡೈನಾ ಕಾಂಪ್‌ನಲ್ಲಿ ಇರುವುದೇ ಎರಡು. ಎಷ್ಟು ಅದುಮುತ್ತಿದೆ ಅಂತ ದೀಪದಲ್ಲಿ ತೋರಿಸುವ ಪೆಡಲ್ ಸಿಕ್ಕರೆ ಅದನ್ನು ಆರಿಸಿ. ಕಣ್ಣಿಗೆ ಕಂಡರೆ ಕಿವಿ ಬೇಗ ಕಲಿಯುತ್ತದೆ.

ಕೊಳ್ಳುವ ಕ್ರಮ ಕೇಳಿದರೆ: ಮೊದಲು ಟ್ಯೂನರ್, ಎರಡನೆಯದು ಒಳ್ಳೆ ಕೇಬಲ್, ಮೂರನೆಯದು ಗ್ರೌಂಡ್ ಲಿಫ್ಟ್ ಸ್ವಿಚ್ ಇರುವ ಡಿಐ ಬಾಕ್ಸ್. ಈ ಮೂರೂ ಸೇರಿ ನನ್ನ ಡಬ್ಬಿಯ ಅರ್ಧ ದುಡ್ಡಾಗಲಿಲ್ಲ. ನಾಲ್ಕನೆಯದಕ್ಕೆ ದುಡ್ಡೇ ಬೇಡ: ದಿನಾ ಹತ್ತು ನಿಮಿಷ ಮೆಟ್ರೊನೋಮ್ ಹಾಕಿಕೊಂಡು ಒಂದೇ ಸ್ವರವನ್ನು ಐದು ಮಟ್ಟದ ಸದ್ದಿನಲ್ಲಿ ನುಡಿಸುವುದು. ರೆಕಾರ್ಡ್ ಮಾಡಿ ಅಲೆ ನೋಡುವುದು. ಬೋರ್ ಹೊಡೆಯುತ್ತದೆ, ಗೊತ್ತು. ಯೂನಿಟ್ ಟೆಸ್ಟ್ ಬರೆಯುವುದೂ ಬೋರೇ.

*

ಕಳೆದ ನವೆಂಬರಿನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮವೊಂದಕ್ಕೆ ಡಬ್ಬಿ ಮನೆಯಲ್ಲೇ ಬಿಟ್ಟು ಹೋದೆ. ಅದೇ ಭಾವಗೀತೆ. ಮೈಕ್‌ಸೆಟ್ಟೂ ಅದೇ ಅಣ್ಣನದ್ದು. ಎಲ್ಲ ಸ್ವರವೂ ಚೆನ್ನಾಗಿ ಬಂತು ಅಂತ ಸುಳ್ಳು ಹೇಳುವುದಿಲ್ಲ, ಒಂದೆರಡು ಕಡೆ ಹಾರಿತು, ಒಂದು ಕಡೆ ಪೂರ್ತಿ ನುಂಗಿಹೋಯಿತು. ಆದರೆ ಎರಡನೇ ಚರಣದಲ್ಲಿ ಗಾಯಕಿ ದನಿ ಇಳಿಸಿದಾಗ ನಾನೂ ಇಳಿದೆ, ಉಗುರು ತಾಗಿದಷ್ಟೇ ಮೆಲ್ಲಗೆ. ಆಕೆ ಹಾಡುತ್ತಲೇ ಒಮ್ಮೆ ಹಿಂದೆ ತಿರುಗಿ ನೋಡಿದರು. ಮೂರು ವರ್ಷದಲ್ಲಿ ಮೊದಲ ಸಲ ಯಾರೋ ನಾನಿರುವುದನ್ನು ಗಮನಿಸಿದ್ದು. ಮಿಕ್ಸರ್ ಕಡೆ ನೋಡಿದೆ. ಅಣ್ಣ ಟೀ ಕುಡಿಯುತ್ತಿದ್ದರು, ಕೈ ಫೇಡರ್ ಮೇಲಿರಲಿಲ್ಲ. ನನಗೆ ಅಷ್ಟು ಸಾಕಾಯಿತು.

ಆದ್ದರಿಂದ ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ: ಅಪ್ಪನ ಹತ್ತಿರ ಈಗ ಕೇಳಬೇಡ. ಒಂದು ವರ್ಷ ಬೆರಳಲ್ಲಿ ನುಡಿಸು. ಆಮೇಲೂ ಬೇಕು ಅನ್ನಿಸಿದರೆ ನನ್ನದೇ ತಗೊಂಡು ಹೋಗು, ಕಪಾಟಿನಲ್ಲಿ ಧೂಳು ತಿನ್ನುತ್ತಿದೆ.

ಉಳಿದವರು ಏನಂತೀರಿ? ಬೇಸ್ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಹಾಡುವವರು, ತಬಲ-ಮೃದಂಗದವರು, ನಾಟಕದವರು, ಸುಮ್ಮನೆ ಕೇಳುವವರು, ವೇದಿಕೆ ಮೇಲಿನ ಏರಿಳಿತ ನಿಮಗೆ ಕೇಳಿಸುತ್ತದೆಯೇ? ಅಥವಾ ಎಲ್ಲವೂ ಒಂದೇ ಸಮ ಇದ್ದರೇ ಹಾಯೇ? ನಾನು ಹೇಳಿದ್ದು ತಪ್ಪು ಅನ್ನುವವರಿಗೂ ಸ್ವಾಗತ, ಆದರೆ ಕಾರಣ ಕೊಟ್ಟು ಬೈಯಿರಿ.

ಕೊಸರು: ಇದನ್ನು ಓದಿ ಹೇಳಿದಾಗ ಅಮ್ಮ ಪೂರ್ತಿ ಕೇಳಿಸಿಕೊಂಡು ಅಂದದ್ದು, "ಅಂದ್ರೆ ಗ್ರೈಂಡರ್ರೇ ತಗೋಬೇಕಿತ್ತು ಅಂತ ತಾನೇ?" :-)